ಅಳಿವೆಯ ಮೀನು ಪ್ಲಾಸ್ಟಿಕ್ ಎರೆಗೆ ಬರುವುದಿಲ್ಲವೇ?

ಮೂರು ತಿಂಗಳಿಂದ ಅಳಿವೆಯಲ್ಲಿ ಲೂರ್, ಅಂದರೆ ಮೀನಿನಾಕಾರದ ಕೃತಕ ಎರೆ, ಎಸೆಯುತ್ತಿದ್ದೀರಿ, ಒಂದು ಮೀನೂ ಸಿಕ್ಕಿಲ್ಲ, ಪಕ್ಕದಲ್ಲಿ ಜೀವಂತ ಸಿಗಡಿ ಕಟ್ಟಿ ಕುಳಿತವರು ಬುಟ್ಟಿ ತುಂಬಿಸಿಕೊಂಡು ಹೋಗುತ್ತಾರೆ, ಹಾಗಾದರೆ ಕೃತಕ ಎರೆ ನಮ್ಮ ಕರಾವಳಿಗೆ ಹೇಳಿಸಿದ್ದಲ್ಲವೇ ಎಂದು ಕೇಳಿದ್ದೀರಿ.

ಖಂಡಿತ ಹೇಳಿಸಿದ್ದು. ನಾನು ಕುಮಟಾ ಬಳಿ ಅಘನಾಶಿನಿಯ ಅಳಿವೆಯಲ್ಲಿ ಎಂಟು ವರ್ಷದಿಂದ ಕೃತಕ ಎರೆಯನ್ನೇ ಬಳಸುತ್ತಿದ್ದೇನೆ. ಮೊದಲ ವರ್ಷ ನನ್ನ ಕೈಯೂ ಬರಿದಾಗಿತ್ತು. ನೀವು ಬರೆದಿರುವುದರಲ್ಲಿ ಎರಡು ಸಂಗತಿಗಳ ಮೇಲೆ ನನ್ನ ಕಣ್ಣು ನಿಂತಿತು. ಒಂದೇ ಬಂಡೆಯ ಮೇಲೆ ಎರಡು ಗಂಟೆ ನಿಲ್ಲುತ್ತೀರಿ, ಎಸೆದ ಕೂಡಲೇ ಒಂದೇ ವೇಗದಲ್ಲಿ ಸುತ್ತಿಕೊಳ್ಳುತ್ತೀರಿ. ನಾನು ಮಾಡುತ್ತಿದ್ದುದೂ ಇದನ್ನೇ.

ಸಿಗಡಿ ಕಟ್ಟಿದವರು ಒಂದೇ ಕಡೆ ಕೂರಬಹುದು. ಸಿಗಡಿಯ ವಾಸನೆ ನೀರಿನ ಜೊತೆ ಹರಿದು ಹೋಗುತ್ತದೆ, ಅದರ ಒದ್ದಾಟ ಮೀನನ್ನು ಕರೆಯುತ್ತದೆ. ಪ್ಲಾಸ್ಟಿಕ್ ತುಂಡಿಗೆ ವಾಸನೆಯೂ ಇಲ್ಲ, ಜೀವವೂ ಇಲ್ಲ. ಜೀವ ನಿಮ್ಮ ಮಣಿಕಟ್ಟಿನಿಂದ ಬರಬೇಕು, ಮೀನು ಇರುವ ಕಡೆಗೆ ನೀವೇ ನಡೆಯಬೇಕು.

ಮೀನು ಎಲ್ಲಿರುತ್ತದೆ? ನೀರು ಹೇಳುತ್ತದೆ. ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳನ್ನು ನೀವು ನೋಡಿರಬಹುದು. ಮಳೆಗಾಲದಲ್ಲಿ ಕಗ್ಗ ಭತ್ತ, ಉಳಿದ ಕಾಲದಲ್ಲಿ ಉಪ್ಪುನೀರು, ಸಿಗಡಿ, ಮೀನು. ಉಬ್ಬರದಲ್ಲಿ ತೂಬಿನ ಮೂಲಕ ಒಳಗೆ ನುಗ್ಗಿದ ನೀರು ಇಳಿತದಲ್ಲಿ ಅದೇ ತೂಬಿನಿಂದ ಹೊರಗೆ ಬೀಳುತ್ತದೆ, ಜೊತೆಗೆ ಮರಿಮೀನು, ಸಿಗಡಿಗಳೂ ಬರುತ್ತವೆ. ಕಾರವಾರ, ಗೋವಾ ಕಡೆ ಚೊಣಕ್ ಎನ್ನುವ ಸೀಬಾಸ್ ಮೀನು ಆ ಬಾಯಿಯ ಎದುರು ನೇರವಾಗಿ ನಿಲ್ಲುವುದಿಲ್ಲ. ರಭಸದ ನೀರೂ ನಿಧಾನದ ನೀರೂ ಸೇರುವ ಅಂಚಿನಲ್ಲಿ, ಕಲ್ಲಿನ ಅಥವಾ ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಮರೆಯಲ್ಲಿ, ಶ್ರಮವಿಲ್ಲದೆ ಕಾಯುತ್ತದೆ. ಆ ಅಂಚು ನೀರಿನ ಮೇಲೆ ನೊರೆಯ ಗೆರೆಯಾಗಿ ಕಾಣುತ್ತದೆ. ಎರೆಯನ್ನು ಆ ಗೆರೆಗಿಂತ ಮೇಲಕ್ಕೆ ಎಸೆದು, ಹರಿವಿನ ಜೊತೆ ಇಳಿದು ಬರಲು ಬಿಡಿ. ಒಂದು ಜಾಗದಲ್ಲಿ ಹತ್ತು ಹನ್ನೆರಡು ಎಸೆತ, ಏನೂ ಇಲ್ಲವೆಂದರೆ ಮುಂದಿನ ತೂಬಿಗೆ ಹೊರಡಿ.

ಇನ್ನು ಎಳೆಯುವ ಬಗೆ. ಇದನ್ನು ನನಗೆ ಕಲಿಸಿದ್ದು ಒಂದು ಮರಿಮೀನು. ಬೀಸುಬಲೆ ಕೊಡವುತ್ತಿದ್ದವರ ಕೈಯಿಂದ ಜಾರಿ ನೀರಿಗೆ ಬಿದ್ದಿತ್ತು. ಎರಡು ಸಲ ಪಟಪಟನೆ ಬಡಿದುಕೊಂಡಿತು. ಆಮೇಲೆ ಬದಿಗೆ ವಾಲಿ ನಿಂತುಬಿಟ್ಟಿತು, ಬಿಳಿ ಹೊಟ್ಟೆ ಒಂದು ಕ್ಷಣ ಮಿನುಗಿತು. ಮತ್ತೆ ಬಡಿದುಕೊಳ್ಳುವ ಮೊದಲೇ ಕೆಳಗಿನಿಂದ ‘ಡಬ್’ ಎಂಬ ಸದ್ದು, ಮರಿ ಇದ್ದ ಕಡೆ ಒಂದು ಸುಳಿ ಅಷ್ಟೇ. ಚೊಣಕ್ ಹಲ್ಲಿನಿಂದ ಕಚ್ಚುವ ಮೀನಲ್ಲ, ಬಾಯಿ ಅಗಲಿಸಿ ನೀರಿನ ಸಮೇತ ಬೇಟೆಯನ್ನು ಒಳಗೆಳೆದುಕೊಳ್ಳುತ್ತದೆ. ಆ ಸದ್ದು ಅದರದ್ದು. ಮರಿ ಓಡುತ್ತಿದ್ದಾಗ ಅದು ಮುಟ್ಟಲಿಲ್ಲ, ನಿಂತಾಗ ಮುಟ್ಟಿತು. ಅಂದಿನಿಂದ ನನ್ನ ಕೈ ಬದಲಾಯಿತು: ಎರಡು ಚಿಕ್ಕ ಜಗ್ಗು, ಮೂರು ಎಣಿಸುವಷ್ಟು ನಿಲುಗಡೆ, ಮತ್ತೆ ಜಗ್ಗು. ನಾನು ಹಿಡಿದ ಒಳ್ಳೆಯ ಮೀನುಗಳಲ್ಲಿ ಹೆಚ್ಚಿನವು ಆ ನಿಲುಗಡೆಯಲ್ಲೇ ಬಂದಿವೆ.

ಫಿನ್ಲೆಂಡಿನ ಲೌರಿ ರಾಪಾಲಾ ಎಂಬ ಮೀನುಗಾರನಿಗೂ ಹೊಳೆದದ್ದು ಇದೇ. ಗುಂಪಿನಲ್ಲಿ ಓಲಾಡುತ್ತಾ ಈಜುವ ಗಾಯದ ಮೀನನ್ನೇ ದೊಡ್ಡ ಮೀನು ಆರಿಸಿಕೊಳ್ಳುವುದನ್ನು ಅವನು ಕಂಡಿದ್ದ. 1936ರಲ್ಲಿ ಕಾರ್ಕ್ ಕೆತ್ತಿ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಲೇಪಿಸಿ ತನ್ನ ಮೊದಲ ಎರೆ ಮಾಡಿದ. ಅಂಗಡಿಯ ಗಾಜಿನಲ್ಲಿ ಚಂದ ಕಾಣುವ ಬಣ್ಣಕ್ಕೆ ಹಣ ಸುರಿಯುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ನೀವು ಹದಿನಾಲ್ಕು ಲೂರ್ ಕೊಂಡಿದ್ದೀರಿ. ಎರಡು ಸಾಕು: ಒಂಬತ್ತು ಹತ್ತು ಸೆಂಟಿಮೀಟರಿನ, ಎಳೆಯುವುದನ್ನು ನಿಲ್ಲಿಸಿದಾಗ ಮೇಲೇಳದೆ ನೀರಿನ ನಡುವೆಯೇ ನಿಲ್ಲುವ ಗಟ್ಟಿ ಮೀನು ಒಂದು, ಹತ್ತು ಗ್ರಾಂ ಜಿಗ್ ಗಾಳಕ್ಕೆ (ತಲೆಯಲ್ಲಿ ತೂಕವಿರುವ ಗಾಳ) ಪೋಣಿಸಿದ, ಬಾಲ ಅಗಲವಿರುವ ಮೆತ್ತನೆಯ ರಬ್ಬರ್ ಮೀನು ಇನ್ನೊಂದು. ನೀರು ಕದಡಿದ್ದರೆ ಎರಡನೆಯದು. ಆ ಬಾಲದ ಬಡಿತವನ್ನು ಮೀನು ಕಣ್ಣಿಲ್ಲದೆಯೂ ಮೈಯ ಪಾರ್ಶ್ವರೇಖೆಯಿಂದ, ಅಂದರೆ ನೀರಿನ ಅಲುಗಾಟ ಅರಿಯುವ ಪಕ್ಕದ ಗೆರೆಯಿಂದ, ಗ್ರಹಿಸುತ್ತದೆ.

ಹೆಣೆದ ದಾರದ ತುದಿಗೆ ಒಂದು ಮೀಟರಿನಷ್ಟು ದಪ್ಪ ಫ್ಲೋರೋಕಾರ್ಬನ್ ದಾರ ಕಟ್ಟುವುದನ್ನು ಮರೆಯಬೇಡಿ. ಚೊಣಕ್‌ನ ಕಿವಿರಿನ ಮುಚ್ಚಳ ಬ್ಲೇಡಿನಂತಿರುತ್ತದೆ. ಪ್ರತಿ ಮೀನಿನ ನಂತರ ಆ ದಾರವನ್ನು ಉಗುರಿನ ಮೇಲೆ ಎಳೆದು ನೋಡಿ, ತರಿ ತಗುಲಿದರೆ ಕತ್ತರಿಸಿ ಹೊಸದಾಗಿ ಕಟ್ಟಿ. ಬೆರಳನ್ನು ಕಿವಿರಿಗೆ ಹಾಕಲೇಬೇಡಿ.

ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ಚೊಣಕ್ ಸಾಮಾನ್ಯವಾಗಿ ಗಂಡಾಗಿ ಬೆಳೆದು, ಮೀಟರಿನ ಆಸುಪಾಸು ಬರುವ ಹೊತ್ತಿಗೆ ಹೆಣ್ಣಾಗುತ್ತದೆ. ಆ ದೊಡ್ಡ ಮೀನನ್ನು ಹಿಡಿದು ಫೋಟೋ ತೆಗೆಸಿಕೊಳ್ಳುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಮೊಟ್ಟೆ ಇಡುವುದು ಅದೇ. ಒದ್ದೆ ಕೈಯಲ್ಲಿ ಹಿಡಿದು, ನೀರಿನಲ್ಲೇ ಗಾಳ ಬಿಡಿಸಿ, ಹರಿವಿಗೆ ಮುಖ ಮಾಡಿ ಹಿಡಿದುಕೊಳ್ಳಿ; ತಾನೇ ಒದ್ದು ಹೋಗುತ್ತದೆ. ಮನೆಗೆ ಬೇಕಿದ್ದರೆ ನಡುಗಾತ್ರದ್ದು ಒಂದು ಸಾಕು, ರುಚಿಯೂ ಅದಕ್ಕೇ ಹೆಚ್ಚು. ಕೃತಕ ಎರೆಯನ್ನು ನಾನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ: ಗಾಳ ಹೆಚ್ಚಾಗಿ ತುಟಿಯಲ್ಲೇ ಸಿಕ್ಕುತ್ತದೆ. ಜೀವಂತ ಎರೆಯಾದರೆ ಮೀನು ಹಲವು ಸಲ ಅದನ್ನು ಹೊಟ್ಟೆಗೇ ನುಂಗಿರುತ್ತದೆ, ಬಿಟ್ಟರೂ ಉಳಿಯುವುದು ಕಷ್ಟ. ಹರಿದ ರಬ್ಬರ್ ಮೀನನ್ನೂ ತುಂಡಾದ ದಾರವನ್ನೂ ಜೇಬಿಗೆ ಹಾಕಿಕೊಂಡು ಬನ್ನಿ. ಇದೇ ಕೆಸರಿನಲ್ಲಿ ಬಳಚು (ಚಿಪ್ಪುಜೀವಿ) ಆರಿಸುವವರ ಕಾಲು ನಡೆಯುತ್ತದೆ.

ಅಷ್ಟಮಿಯ ನೀರಿಗೆ ಓಟವಿಲ್ಲ, ಆ ದಿನಗಳನ್ನು ಬಿಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮ ಕಡೆ ಮಧ್ಯಾಹ್ನದ ಹೊತ್ತಿಗೆ ಉಬ್ಬರ ತುಂಬಿ, ಸಂಜೆಯವರೆಗೂ ಇಳಿಯುತ್ತದೆ. ಬಿಸಿಲು ಬಾಗಿದ ಮೇಲಿನ ಕೊನೆಯ ಎರಡು ಗಂಟೆ ತೂಬಿನ ಬಳಿ ಇರಿ. ಮೊದಲ ಹತ್ತು ನಿಮಿಷ ಎಸೆಯಬೇಡಿ, ನೊರೆಯ ಗೆರೆ ಎಲ್ಲಿ ಮುರಿಯುತ್ತದೆ ಎಂದು ನೋಡಿ. ಮರಿಮೀನುಗಳು ಒಮ್ಮೆಲೇ ಮೇಲಕ್ಕೆ ಚಿಮ್ಮಿದರೆ ಅಲ್ಲಿಂದ ಎರಡು ಮಾರು ಆಚೆ ಎಸೆಯಿರಿ, ಎರಡು ಸಲ ಜಗ್ಗಿ, ನಿಲ್ಲಿಸಿ.