ಮೊದಲು ಆ ಬ್ಯಾನರ್ ಬಿಚ್ಚಿ

ಪ್ರಶ್ನೆ: ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರನ್ನು ಹೊಳೆಗೆ ಬಿಡಬೇಡಿ ಎಂದು ನಾವು ಐದಾರು ಹುಡುಗರು ಕರಪತ್ರ ಹಂಚಿದೆವು, ವಾಟ್ಸಾಪ್‌ನಲ್ಲಿ ಹಾಕಿದೆವು. ‘ಪಲ್ಪರ್ ನೀರಿನಿಂದ ಏನೂ ಆಗಲ್ಲ ಎಂಬುದು ಸುಳ್ಳು’ ಎಂದು ಬ್ಯಾನರ್ ಕಟ್ಟಿದೆವು. ಈಗ ಊರಲ್ಲಿ ನಾವು ಬೆಳೆಗಾರರ ವಿರೋಧಿಗಳು. ಎಲ್ಲಿ ತಪ್ಪಿತು ಸಾರ್?
– ಓದುಗ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಬ್ಯಾನರಿನಲ್ಲೇ. ಈ ತಪ್ಪಿನಲ್ಲಿ ನಾನು ನಿಮಗಿಂತ ಹಿರಿಯ. 2014ರ ಮಾರ್ಚ್‌ನಲ್ಲಿ ಪಶ್ಚಿಮ ಘಟ್ಟ ಉಳಿಸುವ ಬಗೆಗಿನ ಕಸ್ತೂರಿರಂಗನ್ ವರದಿ ಆಧರಿಸಿದ ಕರಡು ಅಧಿಸೂಚನೆ ಬಂದಾಗ, ಇನ್ನು ಮನೆಯನ್ನೂ ಕಟ್ಟುವಂತಿಲ್ಲ ಎಂದು ಗುಲ್ಲೆದ್ದಿತು. ನಾನು ‘ಮನೆ ಕಟ್ಟುವಂತಿಲ್ಲ ಎಂಬುದು ಸುಳ್ಳು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಮಡಿಕೇರಿ ಸಂತೆಯಲ್ಲಿ ಹಂಚಿದೆ. ಸೊಪ್ಪು ಮಾರುತ್ತಿದ್ದ ಅಜ್ಜಿ ಮೊಮ್ಮಗನಿಂದ ಓದಿಸಿಕೊಂಡು, ‘ನೋಡು, ಮನೆ ಕಟ್ಟುವಂತಿಲ್ಲ ಅಂತ ಇವರೂ ಬರೆದಿದ್ದಾರೆ’ ಅಂದರು. ‘ಸುಳ್ಳು’ ಗಾಳಿಗೆ ಹೋಗಿತ್ತು. ಕರಡಿನಲ್ಲಿ ತಡೆ ಇದ್ದದ್ದು ಗಣಿ, ಕಲ್ಲುಕೋರೆ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡ ಇಂಥವಕ್ಕೆ. ಅಷ್ಟು ದೊಡ್ಡ ಮನೆ ನಮ್ಮಲ್ಲಿ ಯಾರದ್ದಿದೆ? ಈ ಒಂದು ಮಾತನ್ನು ನಾನು ಮೂರನೇ ಪುಟದಲ್ಲಿ ಹೂತಿಟ್ಟಿದ್ದೆ. ಹೆದರಿದವರು ದಡ್ಡರೇನಲ್ಲ, ಒಂದು ಸಹಿಗೆ ಹತ್ತು ಸಲ ಕಚೇರಿ ಅಲೆದವರಿಗೆ ಹೊಸ ಕಾನೂನು ಎಂದರೆ ಹತ್ತು ಹೊಸ ಅರ್ಜಿ.

2019ರ ಜೂನ್ ನೆನಪಿದೆಯಾ? ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂಬ ಒಂದೇ ಸಾಲು ಟ್ವಿಟರ್ ತುಂಬ ಓಡಿ, ಮುಖ್ಯಮಂತ್ರಿ ಕುಮಾರಸ್ವಾಮಿಯವರೇ ಉತ್ತರಿಸಬೇಕಾಯಿತು. ಅದನ್ನು ಯಾರೂ ಯಾರಿಗೂ ಬಿಡಿಸಿ ಹೇಳಲಿಲ್ಲ. ಆಂಬುಲೆನ್ಸ್‌ನಲ್ಲಿ ಮೈಸೂರಿಗೋ ಮಂಗಳೂರಿಗೋ ಹೋದವರು ಎಲ್ಲರ ಮನೆಯಲ್ಲೂ ಇದ್ದರು.

ನಿಮ್ಮ ಕರಪತ್ರದಲ್ಲಿ ‘ಪರಿಸರ’ ಎಷ್ಟು ಸಲ ಬಂದಿದೆ, ಎಣಿಸಿ. ಜನವರಿಯಲ್ಲಿ ಆ ಹೊಳೆಗೆ ಬಾಯಿ ಹಾಕದೆ ವಾಪಸಾಗುವ ಹಸು ಯಾರದ್ದು? ಆ ಹೆಸರು ಹಿಡಿದು ಶುರು ಮಾಡಿ. ಪಲ್ಪರಿನ ಮೇಲ್ಗಡೆಯ ನೀರು ಒಂದು ಬಾಟಲಿ, ಕೆಳಗಡೆಯದು ಒಂದು, ಗ್ರಾಮಸಭೆಯ ಮೇಜಿನ ಮೇಲಿಡಿ. ಹುಳಿತ ಲೋಳೆ ನೀರಿನ ಆಮ್ಲಜನಕ ತಿಂದು ಮೀನು ಸಾಯಿಸುವ ವಿಜ್ಞಾನ ಜೇಬಲ್ಲಿರಲಿ, ಕೇಳಿದರೆ ತೆಗೆಯಿರಿ. ಮಾತು ಮಾತ್ರ ನೀವಾಡಬೇಡಿ. ತೋಟದಲ್ಲಿ ಹೊಂಡ ತೋಡಿಸಿ ಆ ನೀರನ್ನು ತಡೆದಿರುವ ಬೆಳೆಗಾರರೊಬ್ಬರು ಆಡಲಿ. ಕೇಳುವುದೂ ಒಂದೇ: ಮುಂದಿನ ಕೊಯ್ಲಿನೊಳಗೆ ಹೊಂಡ. ಎರಡೆಕರೆಯವರಿಗೆ ಖರ್ಚು ಭಾರವಾದರೆ ನಾಲ್ಕು ಮನೆಗೆ ಸೇರಿ ಒಂದು.

ಕೆಳಗಿನ ಬಾಟಲಿಯ ಮುಚ್ಚಳ ಭದ್ರವಾಗಿರಲಿ. ಒಮ್ಮೆ ಚೆಲ್ಲಿದರೆ ಜೀಪಿನಿಂದ ಆ ನಾತ ವಾರವಾದರೂ ಹೋಗಲ್ಲ, ನನ್ನದು ಇನ್ನೂ ಹೋಗಿಲ್ಲ.