ಅಡಿಕೆ ತೋಟದ ನಡುವೆ ಮನೆ, ಹಳೆ ಡಿಶ್‌ನಲ್ಲಿ ಫ್ರೀಯಾಗಿ ಚಂದನ ಬರ್ತದಾ?

ಬರ್ತದೆ. ನಮ್ಮಲ್ಲಿ, ಕಾಸರಗೋಡಿನ ಪೆರ್ಲದ ಹತ್ರ, ನಿಮ್ಮ ಹಾಗೆಯೇ ಮೂರು ಕಡೆ ಅಡಿಕೆ ಮರ ಇರುವ ಮನೆಯಲ್ಲಿ, ಪೇ ಕಂಪನಿಯವರು ಹಾಕಿ ಹೋದ ಅದೇ 2 ಅಡಿ ಡಿಶ್‌ನಲ್ಲಿ ಬರ್ತಾ ಉಂಟು. ನೀವು ಹೇಳಿದ್ದು, ಬದಿಯಡ್ಕ ಕಡೆ ಮನೆ, ಕೇಬಲ್‌ನಲ್ಲಿ ಮಲಯಾಳವೇ ಜಾಸ್ತಿ, ಅಮ್ಮನಿಗೆ ಚಂದನ ಬೇಕು, ರಿಪೇರಿಯವ ಬಂದು 6 ಅಡಿಯ ದೊಡ್ಡ ಡಿಶ್ ಹಾಕದಿದ್ರೆ ಆಗುದಿಲ್ಲ ಅಂದ, ಹೌದಾ ಅಂತ. ಅಲ್ಲ ಮಾರಾಯ್ರೆ. 6 ಅಡಿ ಡಿಶ್ ಬೇಕಾಗುದು ಸಿ ಬ್ಯಾಂಡ್ ಅನ್ನುವ ತರಂಗಕ್ಕೆ. ಚಂದನ ಇರುವ ದೂರದರ್ಶನದ ಉಚಿತ ಸೇವೆ ಡಿಡಿ ಫ್ರೀ ಡಿಶ್ ಬರುದು ಕೆಯು ಬ್ಯಾಂಡಲ್ಲಿ, ಅದಕ್ಕೆ 60 ಸೆಂಟಿಮೀಟರ್ ಸಾಕು, 90 ಆದ್ರೆ ಮಳೆಗಾಲಕ್ಕೆ ಒಳ್ಳೇದು, ಅಷ್ಟೆ. ತಿಂಗಳ ದುಡ್ಡು ಇಲ್ಲ, ಕಾರ್ಡ್ ಇಲ್ಲ, ರೀಚಾರ್ಜ್ ಇಲ್ಲ.

ನಮ್ಮಂತ ಜಾಗದಲ್ಲಿ ಡಿಶ್‌ನ ಸೈಜ್ ದೊಡ್ಡ ಸಮಸ್ಯೆಯೇ ಅಲ್ಲ, ಮರ ಸಮಸ್ಯೆ. ಅದನ್ನೇ ಮೊದ್ಲು ನೋಡಿ, ಆಮೇಲೆ ಸ್ಪ್ಯಾನರ್ ಹಿಡೀರಿ.

ಫ್ರೀ ಡಿಶ್ ಇರುದು ಜಿಸ್ಯಾಟ್-15 ಅನ್ನುವ ಸ್ಯಾಟಲೈಟಲ್ಲಿ, 2015 ನವೆಂಬರಲ್ಲಿ ಹಾರಿಸಿದ್ದು, ಜಾಗ 93.5 ಡಿಗ್ರಿ ಪೂರ್ವ ರೇಖಾಂಶ. ಕಾಸರಗೋಡಿಂದ ಲೆಕ್ಕ ಹಾಕಿದ್ರೆ ಅದು ಉತ್ತರದಿಂದ ಪೂರ್ವದ ಕಡೆಗೆ ತಿರುಗಿ ಸುಮಾರು 123 ಡಿಗ್ರಿಗೆ ಬರ್ತದೆ, ಅಂದ್ರೆ ಹೆಚ್ಚುಕಮ್ಮಿ ಆಗ್ನೇಯ, ವಾಸ್ತು ನೋಡಿ ಕಟ್ಟಿದ ಮನೆ ಆದ್ರೆ ನಿಮ್ಮ ಅಡುಗೆಕೋಣೆ ಮೂಲೆ. ಎತ್ತರ 64 ಡಿಗ್ರಿ, ತುಂಬ ಮೇಲೆ. ಡಿಶ್ ನೋಡಿದ್ರೆ ಅದು ಅಡಿಕೆ ಮರದ ನಡುವಿಗೆ ಮುಖ ಮಾಡಿದ ಹಾಗೆ ಕಾಣ್ತದೆ, ಮೋಸ ಹೋಗ್ಬೇಡಿ, ಇದು ಆಫ್‌ಸೆಟ್ ಡಿಶ್, ಮುಖಕ್ಕಿಂತ 20-25 ಡಿಗ್ರಿ ಮೇಲಿಂದ ಬರುದನ್ನು ಹಿಡಿಯುದು. ಹಾಗಾಗಿ ಒಂದು ಸುಲಭ ಲೆಕ್ಕ ಉಂಟು: ಆ ದಿಕ್ಕಿನ ಮರ ಡಿಶ್‌ಗಿಂತ ಎಷ್ಟು ಎತ್ತರ ಉಂಟೋ ಅದರ ಅರ್ಧದಷ್ಟು ದೂರದಲ್ಲಿ ಮರ ಇದ್ರೆ ಸಾಕು. ಡಿಶ್‌ಗಿಂತ 40 ಅಡಿ ಮೇಲೆ ಹೋದ ಅಡಿಕೆ ಮರ 20 ಅಡಿ ಆಚೆ ಉಂಟಾ, ಸಿಗ್ನಲ್ ಅದರ ತಲೆ ಮೇಲಿಂದ ಬರ್ತದೆ. ಆದ್ರೆ ತುದಿಯ ಸೋಗೆಗೆ ನಾಲ್ಕೈದು ಅಡಿ ಜಾಸ್ತಿ ಬಿಡಿ, ಗಾಳಿಗೆ ಅದು ಸುಮ್ನೆ ನಿಲ್ಲುದಿಲ್ಲ. ಮತ್ತೆ ಎಳೆ ಮರ ಆದ್ರೆ ಇನ್ನು ಐದು ವರ್ಷದಲ್ಲಿ ಎಷ್ಟು ಹೋಗ್ತದೆ ಅಂತ ನಿಮಗೇ ಗೊತ್ತಲ್ಲ.

ಇದಕ್ಕಿಂತ ಸುಲಭ ಉಪಾಯವೂ ಉಂಟು. ವರ್ಷದಲ್ಲಿ ಎರಡು ಸಲ ಸೂರ್ಯ ಸರಿಯಾಗಿ ಸ್ಯಾಟಲೈಟಿನ ಹಿಂದೆ ಬರ್ತಾನೆ, ನಮ್ಮೂರಿಗೆ ಮಾರ್ಚ್ ಮಧ್ಯದ ದಿನಗಳು ಮತ್ತು ಸೆಪ್ಟೆಂಬರ್ ಕೊನೆ, ಬೆಳಿಗ್ಗೆ 11ರ ಆಸುಪಾಸು. ಆ ಹೊತ್ತಿಗೆ ಡಿಶ್ ಇಡುವ ಜಾಗದಲ್ಲಿ ಬಿಸಿಲು ಬಿದ್ರೆ ಸಿಗ್ನಲ್‌ಗೆ ದಾರಿ ಉಂಟು, ನೆರಳು ಬಿದ್ರೆ ಇಲ್ಲ. ಯಾವ ಮರದ ನೆರಳು ಅಂತ ನೋಡಿದ್ರೆ ಅಡ್ಡ ನಿಂತವ ಯಾರು ಅಂತಲೂ ಗೊತ್ತಾಗ್ತದೆ. ನಾನು ಟೆರೇಸಲ್ಲಿ ಹೀಗೆ ನೋಡಿಯೇ ಕಂಬವನ್ನು ಎಂಟು ಅಡಿ ಪಡುವಣಕ್ಕೆ ಸರಿಸಿದ್ದು, ಒಂದು ಮರವೂ ಕಡಿಯದೆ. (ಆ ದಿನಗಳಲ್ಲೇ ಕೆಲವು ನಿಮಿಷ ಟಿವಿ ಹೋಗುದೂ ಉಂಟು, ಸೂರ್ಯನ ಗದ್ದಲದಲ್ಲಿ ಸಿಗ್ನಲ್ ಮುಳುಗಿ ಹೋಗುದು, ಬಾಕ್ಸ್ ಹಾಳಾಯ್ತು ಅಂತ ಬೊಬ್ಬೆ ಹಾಕ್ಬೇಡಿ.)

ಇನ್ನು ತಿರುಗಿಸುದು. ನಾನು ಮಾಡಿದ ಮೂರ್ಖತನ ಹೇಳ್ತೇನೆ. ಪಕ್ಕದ ಮನೆಯವರ ಡಿಶ್ ನೋಡಿ ಅದರ ಹಾಗೆಯೇ ನಮ್ಮದನ್ನು ತಿರುಗಿಸಿ ಎರಡು ಗಂಟೆ ಬಿಸಿಲಲ್ಲಿ ನಿಂತೆ, ಬಾಕ್ಸ್ ತೋರಿಸುವ ಸಿಗ್ನಲ್ ಕ್ವಾಲಿಟಿ ಸೊನ್ನೆ. ಕೆಳಗಿಂದ ಅತ್ತೆ "ಬಂತಾ? ಬಂತಾ?" ಅಂತ ಕೇಳುದು, ನಾನು ಮೇಲಿಂದ "ಇಲ್ಲ ಇಲ್ಲ" ಹೇಳುದು. ಆಮೇಲೆ ತಲೆಗೆ ಹೋಯ್ತು, ಅವರದ್ದು ಟಾಟಾ ಪ್ಲೇ, ಅದು 83 ಡಿಗ್ರಿ, ಸ್ಯಾಟಲೈಟೇ ಬೇರೆ. ಹಾಗಾಗಿ ನಿಮ್ಮ ಹಳೆ ಡಿಶ್ ಯಾವ ಕಂಪನಿಯದ್ದು ಅಂತ ನೋಡಿ. ಹಿಂದೆ ನಿಂತು ಆಕಾಶ ನೋಡಿದ ಹಾಗೆ ಹೇಳುದಾದ್ರೆ, ಟಾಟಾದ್ದು ಆದ್ರೆ ಎಡಕ್ಕೆ ಸುಮಾರು 24 ಡಿಗ್ರಿ ತಿರುಗಿಸಿ 8-9 ಡಿಗ್ರಿ ತಗ್ಗಿಸ್ಬೇಕು. ಏರ್‌ಟೆಲ್ ಆದ್ರೆ 108ರಲ್ಲಿ ಉಂಟು, ಬಲಕ್ಕೆ 15, ಮೇಲಕ್ಕೆ 15. ಡಿಶ್ ಟಿವಿ 95ರಲ್ಲಿ, ಇದು ಅತಿ ಹತ್ತಿರ, ಬಲಕ್ಕೆ 2 ಡಿಗ್ರಿ, ಮೇಲೆ ಒಂದೂವರೆ, ನಟ್ಟು ಸಡಿಲಿಸಿ ಬೆರಳಲ್ಲಿ ಒತ್ತಿದಷ್ಟು. ಹತ್ತಿರ ಆದದ್ದೇ ರಗಳೆ, 95 ಹಿಡಿದು ಸ್ಯಾಟಲೈಟ್ ಸಿಕ್ತು ಅಂತ ಖುಷಿಪಡ್ತೇವೆ, ಸ್ಕ್ಯಾನ್ ಮಾಡಿದ್ರೆ ಫ್ರೀ ಡಿಶ್‌ನ ಒಂದು ಚಾನೆಲ್ಲೂ ಇಲ್ಲ. ಕೆಲವು ಹಳಬರು ಈಗಲೂ ದೂರದರ್ಶನಕ್ಕೆ 95 ಅಂತಲೇ ಹೇಳುದು, ಅವರದ್ದೂ ತಪ್ಪಲ್ಲ, 2004 ಡಿಸೆಂಬರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದಾಗ ಅದು ಅಲ್ಲೇ ಇತ್ತು, ಆಮೇಲೆ ಇನ್ಸಾಟ್-4ಬಿ ಸ್ಯಾಟಲೈಟ್ ಬಂದ ಮೇಲೆ 93.5ಕ್ಕೆ ಬಂದದ್ದು.

ಮೊಬೈಲ್ ಕಂಪಾಸ್ ಹಿಡಿಯುವಾಗ ಕಬ್ಬಿಣದ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ, ಆ ದಿಕ್ಕಲ್ಲಿ ದೂರದ ಒಂದು ಮರ ಗುರುತು ಮಾಡಿ, ಮತ್ತೆ ಬಂದು ಡಿಶ್ ಅತ್ತ ತಿರುಗಿಸಿ. ಕಂಬಕ್ಕೆ ತಾಗಿಸಿ ಹಿಡಿದ್ರೆ ಕಂಪಾಸ್ ಎಂತದ್ದೋ ಹೇಳ್ತದೆ. ಕಂಬ ನೆಟ್ಟಗೆ ಉಂಟಾ ಅಂತ ತೂಗುಗುಂಡೋ ಮಟ್ಟಗೋಲೋ ಇಟ್ಟು ನೋಡಿ, ಕಂಬವೇ ವಾಲಿದ್ರೆ ಯಾವ ಡಿಗ್ರಿಯೂ ಕೂಡಿ ಬರುದಿಲ್ಲ.

ಪೇ ಕಂಪನಿಯ ಬಾಕ್ಸ್ ಇದಕ್ಕೆ ಆಗುದಿಲ್ಲ, ಫ್ರೀ ಟು ಏರ್ ಬಾಕ್ಸ್ ಬೇಕು, ಎಂಪೆಗ್-4 ಇರುದನ್ನೇ ತಗೊಳ್ಳಿ, ಎಂಪೆಗ್-2 ಮಾತ್ರ ಇದ್ರೆ ಚಾನೆಲ್ ಕಮ್ಮಿ. ಹೊಸ ಟಿವಿ ಆದ್ರೆ ಹಿಂದೆ ಸ್ಯಾಟಲೈಟ್ ಕೇಬಲ್ ತಿರುಪುವ ತೂತು ಉಂಟಾ ನೋಡಿ, ಇದ್ರೆ ಬಾಕ್ಸೇ ಬೇಡ. ಎಲ್‌ಎನ್‌ಬಿ, ಅಂದ್ರೆ ಡಿಶ್‌ನ ಎದುರು ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಸಣ್ಣ ಡಬ್ಬಿ, ಅದರ ಮೇಲೆ 9750/10600 ಅಂತ ಇದ್ರೆ ಹಳೆಯದೇ ಸಾಕು. ಮೆನುವಿನಲ್ಲಿ ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿಟ್ಟು ಕ್ವಾಲಿಟಿ ಪಟ್ಟಿಯನ್ನು ಮಾತ್ರ ನೋಡಿ. ಸ್ಟ್ರೆಂತ್ ನೋಡ್ಲೇ ಬೇಡಿ, ಡಿಶ್ ಗೋಡೆಗೆ ಮುಖ ಮಾಡಿ ನಿಂತ್ರೂ ಅದು 60-70 ತೋರಿಸ್ತದೆ. ಒಂದೊಂದು ಬೆರಳಷ್ಟು ಸರಿಸಿ ನಾಲ್ಕು ಸೆಕೆಂಡ್ ಕಾಯಿರಿ, ಬಾಕ್ಸ್‌ಗೆ ಯೋಚನೆ ಮಾಡ್ಲಿಕ್ಕೆ ಟೈಮ್ ಬೇಕು, ಅವಸರದಲ್ಲಿ ದಾಟಿ ಹೋಗುವವರೇ ಜಾಸ್ತಿ. ಒಮ್ಮೆ ಸಿಕ್ಕಿದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ಮೆಲ್ಲ ತಿರುಚಿ ನೋಡಿ. ನಾವು ಪಶ್ಚಿಮದ ತುದಿ, ಸ್ಯಾಟಲೈಟ್ ಪೂರ್ವಕ್ಕೆ, ಹಾಗಾಗಿ ತಿರುಚು ಜಾಸ್ತಿ ಬೇಕಾಗ್ತದೆ, ಲೆಕ್ಕದಲ್ಲಿ 50 ಡಿಗ್ರಿ ದಾಟ್ತದೆ. ಲೆಕ್ಕ ಬಿಡಿ, ಕ್ವಾಲಿಟಿ ಏರುವ ಕಡೆಗೆ ತಿರುಚಿ. ನಮ್ಮಲ್ಲಿ 45 ಇದ್ದದ್ದು ಇಷ್ಟರಿಂದಲೇ 70 ಆಯ್ತು, ಮತ್ತೆ ಸಾಮಾನ್ಯ ಮಳೆಗೆ ಹೋಗ್ಲಿಲ್ಲ. ಆಟಿಯ ಜಡಿಮಳೆಗೆ ಹತ್ತಿಪ್ಪತ್ತು ನಿಮಿಷ ಹೋಗುದು ಹೋಗ್ತದೆ, ಅದು ಪೇ ಡಿಶ್‌ಗೂ ಹಾಗೆಯೇ.

ಇನ್ನೊಂದು, ಎಲ್ಲೂ ಯಾರೂ ಹೇಳದ್ದು. ಅಡಿಕೆಗೆ ಮದ್ದು ಬಿಡುವ ದಿನ ಡಿಶ್‌ಗೆ ಒಂದು ಪ್ಲಾಸ್ಟಿಕ್ ಗೋಣಿ ಹೊದೆಸಿ. ನಮ್ಮಲ್ಲಿ ಮೈಲುತುತ್ತು ಬಿದ್ದು ಬಿದ್ದು ಎಲ್‌ಎನ್‌ಬಿಯ ಮುಚ್ಚಳ ನೀಲಿ ಆಗಿತ್ತು, ಕೇಬಲಿನ ಕನೆಕ್ಟರ್ ಹಸಿರು ಹಿಡಿದು ಒಳಗಿನ ತಾಮ್ರದ ತಂತಿ ಮುಟ್ಟಿದ್ರೆ ಪುಡಿ. ಮದ್ದಿನ ಪೈಪ್ ಎಳೆಯುವಾಗ ಸಿಕ್ಕಿ ಡಿಶ್ ತಿರುಗಿದ್ದು ಬೇರೆ. ಈಗ ಕನೆಕ್ಟರಿಗೆ ಟೇಪು ಸುತ್ತಿ, ಕೇಬಲನ್ನು ಒಂದು ಸುತ್ತು ಕೆಳಗೆ ಜೋತು ಬಿಟ್ಟಿದ್ದೇನೆ, ನೀರು ಆ ಸುತ್ತಿನಿಂದಲೇ ತೊಟ್ಟಿಕ್ಕಿ ಹೋಗ್ತದೆ. ಸಿಡಿಲು ಶುರುವಾದ್ರೆ ಕೇಬಲ್ ಬಾಕ್ಸಿಂದ ತೆಗೆದಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲದು.

ಏನೇನು ಬರ್ತದೆ ಅಂದ್ರೆ, ಚಂದನ ಉಂಟು, ಅಮ್ಮನ ರಾತ್ರಿ ಕ್ವಿಜ್‌ಗೆ ಅಷ್ಟು ಸಾಕು. ಹಿಂದಿ ಚಾನೆಲ್ ರಾಶಿ. ಮಕ್ಕಳಿಗೆ ಪಾಠದ ಚಾನೆಲ್‌ಗಳು, ಸ್ವಯಂ ಪ್ರಭಾದ್ದು, ಆಕಾಶವಾಣಿಯ ರೇಡಿಯೊ ಕೂಡ. ಧಾರಾವಾಹಿ ಬರುವ ದೊಡ್ಡ ಕನ್ನಡ ಪೇ ಚಾನೆಲ್‌ಗಳು ಸಿಗ್ತವೆ ಅಂತ ಅಮ್ಮನಿಗೆ ಆಸೆ ಹುಟ್ಟಿಸ್ಬೇಡಿ, ನಾನು ನಮ್ಮ ಅತ್ತೆಗೆ ಹುಟ್ಟಿಸಿ ಅನುಭವಿಸಿದ್ದೇನೆ. ಖಾಸಗಿ ಚಾನೆಲ್‌ಗಳ ಜಾಗ ಪ್ರಸಾರ ಭಾರತಿ ಹರಾಜು ಹಾಕುದು, ಹಾಗಾಗಿ ಏಪ್ರಿಲ್ ಬಂತು ಅಂದ್ರೆ ಪಟ್ಟಿ ಬದಲಾಗ್ತದೆ. ನಿನ್ನೆ ಇದ್ದ ಚಾನೆಲ್ ಇವತ್ತು ಇಲ್ಲಾಂದ್ರೆ ಏಣಿ ತರ್ಲಿಕ್ಕೆ ಹೋಗ್ಬೇಡಿ, ಕ್ವಾಲಿಟಿ ಮೊದ್ಲಿನಷ್ಟೇ ಉಂಟಾ ನೋಡಿ, ಇದ್ರೆ ರೀಸ್ಕ್ಯಾನ್ ಮಾಡಿ.