ಡಿಜಿಟಲ್ ಹೆಲ್ತ್ ಕಂಪನಿಯಲ್ಲೇ ವರ್ಷಗಟ್ಟಲೆ ಉಳಿದರೆ ಡೇಟಾ ಸೈಂಟಿಸ್ಟ್ ಹಿಂದೆ ಬೀಳುತ್ತಾರಾ?

ಐದು ವರ್ಷದಿಂದ ಅದೇ ಲಾಜಿಸ್ಟಿಕ್ ರಿಗ್ರೆಶನ್ (ಹೌದು-ಇಲ್ಲ ಊಹಿಸುವ ಹಳೇ, ಸರಳ ಮಾಡೆಲ್), ಅದೇ ಟೇಬಲ್‌ಗಳು, ಹೊಸದೇನೂ ಕಲಿಯುತ್ತಿಲ್ಲ, ಕಂಪನಿ ಬಿಡಲೇ ಅಂತ ಬರೆದಿದ್ದೀರಿ. ಒಂದು ಕಾಲಕ್ಕೆ ನನ್ನ ಕೊರಗೂ ಇದೇ. ಆದರೆ ಹಳೇ ಮಾಡೆಲ್‌ನಿಂದ ಯಾರೂ ಹಿಂದೆ ಬೀಳುವುದಿಲ್ಲ. ಟೇಬಲ್‌ನ ಒಂದೊಂದು ಸಾಲು ಯಾವಾಗ, ಯಾರ ಕೈಯಲ್ಲಿ ಹುಟ್ಟುತ್ತದೆ ಅಂತ ತಿಳಿಯದಿದ್ದರೆ ಬೀಳುತ್ತಾರೆ.

ನಾನು ಎಡವಿದ್ದು ಅಲ್ಲೇ. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳಿಗೇ ಹಾನಿಯಾಗುವ ಅಪಾಯದ ಸ್ಥಿತಿ) ಬಗ್ಗೆ 6 ಗಂಟೆ ಮೊದಲೇ ಎಚ್ಚರಿಸುವ ಮಾಡೆಲ್ ಮಾಡುತ್ತಿದ್ದೆ. ಲ್ಯಾಬ್ ಟೇಬಲ್‌ನಲ್ಲಿ ಕಂಡ ಮೊದಲ ಸಮಯವನ್ನೇ ಹಿಡಿದು ಫೀಚರ್ (ಮಾಡೆಲ್‌ಗೆ ಕೊಡುವ ಮಾಹಿತಿ) ಕಟ್ಟಿದೆ. ಅದು ರಕ್ತ ತೆಗೆದ ಸಮಯ. ಒಂದು ಲ್ಯಾಬ್ ಫಲಿತಾಂಶಕ್ಕೆ ನಾಲ್ಕು ಸಮಯಗಳಾದರೂ ಇರುತ್ತವೆ: ವೈದ್ಯರು ಪರೀಕ್ಷೆ ಬರೆದದ್ದು, ರಕ್ತ ತೆಗೆದದ್ದು, ಲ್ಯಾಬ್‌ಗೆ ತಲುಪಿದ್ದು, ಫಲಿತಾಂಶ ಸಿಸ್ಟಂಗೆ ಬಂದದ್ದು. ಲ್ಯಾಕ್ಟೇಟ್‌ಗೆ (ರಕ್ತದ ಒಂದು ಪರೀಕ್ಷೆ) ರಕ್ತ ತೆಗೆದದ್ದಕ್ಕೂ ಫಲಿತಾಂಶ ಬರುವುದಕ್ಕೂ ಅಂತರ ಚಿಕ್ಕದು, ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಅಂತ ನೋಡುವ ಬ್ಲಡ್ ಕಲ್ಚರ್‌ಗೆ ದಿನಗಟ್ಟಲೆ. ದಿನಗಳ ನಂತರ ಬರುವ ಕಲ್ಚರ್ ಫಲಿತಾಂಶವನ್ನು ಮಾಡೆಲ್ ರಕ್ತ ತೆಗೆದ ಗಳಿಗೆಯಲ್ಲೇ ಓದಿಬಿಡುತ್ತಿತ್ತು. ಹಳೇ ಡೇಟಾದಲ್ಲಿ ಎಯುಸಿ (ಕಾಯಿಲೆ ಇರುವವರನ್ನು ಇಲ್ಲದವರಿಂದ ಮಾಡೆಲ್ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಅನ್ನುವ ಅಂಕ) ಬಹಳ ಚೆನ್ನಾಗಿತ್ತು. ಲೈವ್ ಆದಾಗ ಆ ಕಾಲಮ್ ಖಾಲಿ. ಖಾಲಿ ಇದ್ದಲ್ಲಿ ‘ನೆಗೆಟಿವ್’ ಅಂತ ತುಂಬುವ ಕೋಡ್ ಇದ್ದದ್ದರಿಂದ ಎರರ್ ಕೂಡ ಬರಲಿಲ್ಲ. ಆಂಟಿಬಯೋಟಿಕ್ ಆರ್ಡರ್ ಅನ್ನೂ ಫೀಚರ್ ಮಾಡಿದ್ದೆ. ವೈದ್ಯರಿಗೆ ಅನುಮಾನ ಬಂದ ಮೇಲೆ ತಾನೇ ಅವರು ಅದನ್ನು ಬರೆಯುವುದು? ಅಂದರೆ ಅವರಿಗೆ ಗೊತ್ತಿದ್ದದ್ದನ್ನೇ ಮಾಡೆಲ್ ಅವರಿಗೆ ತಿರುಗಿ ಹೇಳುತ್ತಿತ್ತು. ಐಸಿಡಿ ಕೋಡ್‌ಗಳಲ್ಲಿ (ಕಾಯಿಲೆಗಳಿಗೆ ಕೊಡುವ ಅಂತರರಾಷ್ಟ್ರೀಯ ಸಂಕೇತಗಳು) ಇನ್ನೂ ಎಚ್ಚರ ಬೇಕು, ಬಹಳಷ್ಟು ಸಲ ಅವನ್ನು ಹಾಕುವುದು ಡಿಸ್ಚಾರ್ಜ್ ಆದ ಮೇಲೆ.

ಹಾಗಾಗಿ ಫೀಚರ್ ಕಟ್ಟುವಾಗ, ಮುನ್ಸೂಚನೆಯ ಕ್ಷಣಕ್ಕಿಂತ ಮೊದಲು ಸಿಸ್ಟಂಗೆ ಬಂದ ಸಾಲುಗಳನ್ನು ಮಾತ್ರ ಸೇರಿಸಿ. ಒಬ್ಬ ರೋಗಿಯ ಸಾಲುಗಳು ಟ್ರೇನ್ (ಮಾಡೆಲ್ ಕಲಿಯುವ ಡೇಟಾ), ಟೆಸ್ಟ್ (ಅದನ್ನು ಪರೀಕ್ಷಿಸುವ ಡೇಟಾ) ಎರಡರಲ್ಲೂ ಬರಬಾರದು. ಟೆಸ್ಟ್‌ಗೆ ನಂತರದ ತಿಂಗಳುಗಳನ್ನೇ ಇಡಿ. ಆಮೇಲೆ ಕೆಲವು ವಾರ ಶ್ಯಾಡೋ ಮೋಡ್: ಸ್ಕೋರ್ ಉಳಿಸಿ, ಯಾರಿಗೂ ತೋರಿಸಬೇಡಿ. ಅದೇ ರೋಗಿಗಳ ಫೀಚರ್‌ಗಳನ್ನು ವೇರ್‌ಹೌಸ್‌ನಿಂದ (ಹಳೇ ಡೇಟಾ ಕೂಡಿಟ್ಟ ಜಾಗ) ಮತ್ತೆ ಲೆಕ್ಕ ಹಾಕಿ, ಲೈವ್‌ನಲ್ಲಿ ಬಂದ ಮೌಲ್ಯಗಳೊಂದಿಗೆ ಸಾಲು ಸಾಲಾಗಿ ಹೋಲಿಸಿ. ತಾಳೆಯಾಗದ ಕಾಲಮ್‌ಗಳನ್ನು ಮೊದಲು ಅನುಮಾನಿಸಿ. ಗ್ಲೂಕೋಸ್‌ನಂಥದ್ದು ಸುಮಾರು 18 ಪಟ್ಟು ವ್ಯತ್ಯಾಸ ತೋರಿಸಿದರೆ ಅದು ಯೂನಿಟ್ (mg/dL, mmol/L) ಅದಲುಬದಲು, ಬೇಗ ಸರಿಹೋಗುತ್ತದೆ.

ಎಯುಸಿ ಒಂದನ್ನೇ ನಂಬಬೇಡಿ. 10,000 ಜನರಲ್ಲಿ 100 ಮಂದಿಗೆ ಕಾಯಿಲೆ ಇದೆ, ಸೆನ್ಸಿಟಿವಿಟಿ (ಕಾಯಿಲೆ ಇರುವವರನ್ನು ಹಿಡಿಯುವ ಪ್ರಮಾಣ), ಸ್ಪೆಸಿಫಿಸಿಟಿ (ಕಾಯಿಲೆ ಇಲ್ಲದವರನ್ನು ಇಲ್ಲವೆಂದೇ ಗುರುತಿಸುವ ಪ್ರಮಾಣ) ಎರಡೂ 90% ಅಂತಿಟ್ಟುಕೊಳ್ಳಿ. ನಿಜವಾದ ಎಚ್ಚರಿಕೆ 90, ಸುಳ್ಳು ಎಚ್ಚರಿಕೆ 990. ಹನ್ನೆರಡರಲ್ಲಿ ಹನ್ನೊಂದು ಸಲ ಸುಮ್ಮನೆ ಓಡಿಸುವ ಅಲಾರಂ ಅನ್ನು ನರ್ಸ್‌ಗಳು ಬೇಗನೆ ಕಡೆಗಣಿಸುತ್ತಾರೆ, ಅದು ಅವರ ತಪ್ಪಲ್ಲ.

ಕಂಪನಿ ಬಿಡಬೇಕೇ ಅಂತ ಕೇಳಿದಿರಿ. ನಾನಾದರೆ ಮಾಡೆಲ್ ಹೊಸದೋ ಹಳೆಯದೋ ಅಂತ ನೋಡುವುದಿಲ್ಲ. ಎಚ್ಚರಿಕೆ ಹೋದ ಮೇಲೆ ರೋಗಿಗೆ ಏನಾಯಿತು ಅನ್ನುವ ಡೇಟಾ ನಿಮಗೆ ವಾಪಸ್ ಸಿಗುತ್ತದೆಯೇ? ಡೇಟಾ ತುಂಬುವವರ ಜೊತೆ ಕೂತು ಮಾತಾಡಲು ಬಿಡುತ್ತಾರೆಯೇ? ಎರಡಕ್ಕೂ ಹೌದು ಅನ್ನುವುದಾದರೆ ಇನ್ನೂ ಐದು ವರ್ಷ ಇರಿ. ಒಂದೂ ಇಲ್ಲವೆಂದರೆ ಕಂಪನಿ ಬಿಡಿ, ಆದರೆ ಈ ಕ್ಷೇತ್ರದಲ್ಲೇ ಬೇರೆ ಕಡೆ ಹುಡುಕಿ.